ಕನ್ವರ್ಶನ್ ಪ್ಲಗ್‌ನ ಫ್ಯೂಸ್ ಪದೇಪದೇ ಹೋಗ್ತಿದೆ, ವೈರ್ ಸುತ್ತಿ ಹಾಕ್ಬಹುದಾ?

ಬಾಡಿಗೆಮನೆ_ಬಾಣಸಿಗ:
ಅಡುಗೆಮನೇಲಿ ಇರೋದು ಬರೀ 6 ಆಂಪ್ ಸಾಕೆಟ್ಟು. ಇಂಡಕ್ಷನ್ ಸ್ಟವ್ 2000 ವ್ಯಾಟ್‌ದು, ಪ್ಲಗ್ಗು ದಪ್ಪ ಪಿನ್ನಿಂದು, ಅದಕ್ಕೆ ಅಂಗಡೀಲಿ ಸಿಗುತ್ತಲ್ಲ 16ರಿಂದ 6ಕ್ಕೆ ಮಾಡೋ ಕನ್ವರ್ಶನ್ ಪ್ಲಗ್ಗು, ಅದನ್ನ ಹಾಕಿ ಓಡಿಸ್ತಿದೀನಿ. ಅನ್ನ ಆಗೋವರೆಗೂ ಸುಮ್ನಿರುತ್ತೆ, ಸಾಂಬಾರ್ ಇಟ್ಟಾಗ ಒಳಗಿನ ಗಾಜಿನ ಫ್ಯೂಸ್ ಢಮಾರ್. ಅಂಗಡಿಯವ್ರು ಒಂದೆಳೆ ತಾಮ್ರದ ವೈರ್ ಸುತ್ತಿಬಿಡಿ, ಆಮೇಲೆ ಹೋಗಲ್ಲ ಅಂದ್ರು. ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಒಂದ್ಸಲಾನೂ ಬಿದ್ದಿಲ್ಲ, ಅಂದ್ರೆ ಲೋಡ್ ಓಕೆ ತಾನೆ?

ಹಾಸನದ್_ವೈರ್‌ಮ್ಯಾನ್:
ಬೇಡ ಗುರೂ. 2000ನ 230ರಿಂದ ಭಾಗ್ಸಿ, ಹತ್ತತ್ರ 8.7 ಆಂಪ್ ಬರುತ್ತೆ, ಆ ಸಾಕೆಟ್ ತಡ್ಯೋದು 6, ಅಂದ್ರೆ 1380 ವ್ಯಾಟು. ಎಂಸಿಬಿ ಮೇಲೆ 10 ಅಂತ ಬರ್ದಿದ್ರೆ ಅದು 8.7ಕ್ಕೆ ಯಾವತ್ತೂ ಬೀಳಲ್ಲ, ಅದು ಕಾಯೋದು ಗೋಡೆ ಒಳಗಿನ ವೈರ್‌ನ, ಇತ್ತ ಸಾಕೆಟ್ ಕರಗಿ ಹೋದ್ರೂ ಅದಕ್ಕೆ ಗೊತ್ತಾಗಲ್ಲ. ನಿಮ್ಮನೇಲಿ ನೆಟ್ಟಗೆ ಕೆಲ್ಸ ಮಾಡ್ತಿರೋದು ಆ ಫ್ಯೂಸ್ ಒಂದೇ, ಅದರ ಬಾಯಿ ಮುಚ್ಚಿಸ್ತೀನಿ ಅಂತೀರಲ್ಲ!

ಬಾಡಿಗೆಮನೆ_ಬಾಣಸಿಗ:
800ರಲ್ಲಿ ಇಟ್ಕೊಂಡ್ರೆ?

ಹಾಸನದ್_ವೈರ್‌ಮ್ಯಾನ್:
ಸುಮಾರು ಸ್ಟವ್‌ಗಳು ಕಮ್ಮಿ ಸೆಟ್ಟಿಂಗಲ್ಲಿ ನಿಜವಾಗ್ಲೂ ಕಮ್ಮಿ ಎಳಿಯಲ್ಲ, ಜೋರಾಗಿ ಎಳ್ದು ನಿಲ್ಸಿ ಮತ್ತೆ ಎಳೀತವೆ, ಗುಂಯ್ ಅಂದು ನಿಂತು ಮತ್ತೆ ಗುಂಯ್ ಅನ್ನುತ್ತಲ್ಲ ಅದೇ. ಇನ್ನೊಂದು, ಫ್ಯೂಸ್ ನೋಡೋದು ಕರೆಂಟನ್ನ ಮಾತ್ರ. ಪಿನ್ ಸಡಿಲ ಇದ್ರೆ 5 ಆಂಪಲ್ಲೂ ಅಲ್ಲೇ ಕಾದು ಪ್ಲಾಸ್ಟಿಕ್ ಕಂದು ಆಗುತ್ತೆ, ಫ್ಯೂಸ್ ಸುಮ್ನೆ ಕೂತಿರುತ್ತೆ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಸಾಕೆಟ್ ತೂತಿನ ಸುತ್ತ ಬಣ್ಣ ನೋಡಿ.

ಲಂಡನ್_ಮಂಡ್ಯ:
ಇಲ್ಲಿ ಯುಕೇಲಿ ಪ್ಲಗ್ ಒಳಗೇ ಫ್ಯೂಸ್ ಬರುತ್ತೆ, ಸಣ್ಣ ಸಾಮಾನಿಗೆ 3, ದೊಡ್ಡದಕ್ಕೆ 13. ಸುಮಾರು ಸಾಕೆಟ್‌ಗಳನ್ನ ಒಂದೇ ಸುತ್ತಲ್ಲಿ ಜೋಡ್ಸಿರೋ ರಿಂಗ್ ವೈರಿಂಗ್‌ಗೆ ಬ್ರೇಕರ್, ಅಂದ್ರೆ ಎಂಸಿಬಿ, 32 ಆಂಪ್‌ದು, ಟೇಬಲ್ ಲ್ಯಾಂಪಿನ ಸಣ್ಣ ವೈರ್ ಅಷ್ಟು ತಡಿಯಲ್ವಲ್ಲ, ಅದಕ್ಕೆ. ಹಂಗಂತ ನಂಬ್ಕೊಂಡು ಒಂದೇ ಅಡಾಪ್ಟರ್‌ಗೆ ಎರಡು ಹೀಟರ್ ಹಾಕಂಗಿಲ್ಲ, 13ರ ಫ್ಯೂಸು 20 ಆಂಪನ್ನೂ ತುಂಬಾ ಹೊತ್ತು ಸಹಿಸ್ಕೊಳುತ್ತೆ.

ಬಾಡಿಗೆಮನೆ_ಬಾಣಸಿಗ:
ನೋಡ್ದೆ, ಒಂದು ತೂತಿನ ಸುತ್ತ ಚಹಾ ಕಲರ್ ಆಗಿದೆ 😬 ಓನರ್‌ಗೆ ಏನ್ ಹೇಳ್ಲಿ?

ಹಾಸನದ್_ವೈರ್‌ಮ್ಯಾನ್:
ಆ ಸಾಕೆಟ್ ಬಳಸ್ಲೇಬೇಡಿ, ಫೋಟೋ ತೆಗ್ದು ಕಳ್ಸಿ. ಎಂಸಿಬಿಗಳಿರೋ ಡಿಬಿ ಬಾಕ್ಸಿಂದ ಬೇರೆ 4 ಸ್ಕ್ವೇರ್ ಎಂಎಂ ವೈರ್ ಎಳ್ದು 16 ಆಂಪ್ ಪಾಯಿಂಟ್ ಕೊಡ್ಸಿ ಅನ್ನಿ, ಅರ್ಥಿಂಗ್ ಸಮೇತ. ಅಲ್ಲಿವರೆಗೂ ವಾಷಿಂಗ್ ಮಷಿನ್‌ಗೆ 16ರ ಪಾಯಿಂಟ್ ಇದ್ರೆ ಅದರ ಪಕ್ಕ ಟೇಬಲ್ ಹಾಕಿ ಅಲ್ಲೇ ಸಾಂಬಾರ್ ಮಾಡಿ, ಕನ್ವರ್ಶನ್ ಪ್ಲಗ್ ಇಲ್ದೆ.