ದಿನಾ ಕಾಫಿಗೆ ಕೈಯಲ್ಲಿ ಮಾಡಿದ ಜಪಾನೀ ಮಗ್: ಬಳಸಿದವರು ಅನುಭವ ಹೇಳಿ

ಯೊಕೊಹಾಮಾ ಸೊಸೆ
ಎಲ್ಲರಿಗೂ ನಮಸ್ಕಾರ. ಯೊಕೊಹಾಮಾದಲ್ಲಿದ್ದೀವಿ, ಮುಂದಿನ ವರ್ಷ ಮೈಸೂರಿಗೆ ವಾಪಸ್. ಹೋಗೋ ಮುಂಚೆ ಕೈಯಲ್ಲಿ ಮಾಡಿದ ಎರಡು ಮಗ್ ತಗೋಬೇಕು ಅಂತ ಆಸೆ. ಶೋಕೇಸಿಗಲ್ಲ, ದಿನಾ ಬೆಳಿಗ್ಗೆ ಫಿಲ್ಟರ್ ಕಾಫಿಗೆ. ಅಂಗಡಿಯಲ್ಲಿ ತಿಳಿ ಗುಲಾಬಿ ಬಣ್ಣದ, ಹಗಿ ಊರಿನ ಮಣ್ಣಿನ ಮಗ್ ನೋಡಿ ಬಂದಮೇಲೆ ಬೇರೆ ಯಾವುದೂ ಹಿಡಿಸ್ತಿಲ್ಲ. ಎರಡಕ್ಕೂ ಸೇರಿ 10,000 ಯೆನ್ ಒಳಗೆ ಆಗಬೇಕು. ಕೇಳೋದು ಎರಡೇ: ಹಾಲು ಹಾಕಿದ ಕಾಫಿಗೆ ಹಗಿ ಸರಿಹೋಗುತ್ತಾ? ಮೈಸೂರಲ್ಲಿ ನಮ್ಮತ್ತೆ ಎಲ್ಲವನ್ನೂ ಸ್ಟೀಲ್ ಪಾತ್ರೆ ಜೊತೆಗೇ ಸಿಂಕಿಗೆ ಹಾಕ್ತಾರೆ, ಅದಕ್ಕೆ ಬಾಳೋದು ಯಾವುದು?

ಕೊಡಗಿನ ಕಾಫಿ
ಹಗಿ ಬೇಡವೇ ಬೇಡ. ನಾನು ಯಾಮಾಗುಚಿಗೆ ಹೋದಾಗ ಹಗಿ ಊರಿನಲ್ಲೇ, ಮಡಕೆ ಸುಡುವ ಆವಿಗೆ ಇಟ್ಟುಕೊಂಡಿರುವ ಮನೆಯಿಂದಲೇ ತಂದೆ. ತೆರಿಗೆ ಸೇರಿ 6,600 ಯೆನ್, ಒಂದಕ್ಕೆ. ಮರದ ಪೆಟ್ಟಿಗೆ ಬೇಕಾದರೆ ಇನ್ನೂ 2,200 ಅಂದರು, ಬೇಡ ಅಂದೆ. ಮನೆಗೆ ಬಂದು ಮೊದಲ ಸಲ ಕಾಫಿ ಹಾಕಿದರೆ ಮೇಜಿನ ಮೇಲೆ ಒದ್ದೆ ಉಂಗುರ! ತೂತಿರಬೇಕು ಅಂತ ಫೋನ್ ಮಾಡಿದೆ. ಆ ಅಜ್ಜ ನಕ್ಕು, ಮೊದಮೊದಲು ಸೋರುತ್ತದೆ, ಬಳಸ್ತಾ ಬಳಸ್ತಾ ನಿಲ್ಲುತ್ತದೆ ಅಂದುಬಿಟ್ಟರು. ಸೋರುವ ಮಗ್‌ಗೆ 6,600. ಅಕ್ಕಚ್ಚಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಅದೇ ನೀರಲ್ಲಿ ಆರಲು ಬಿಡಿ ಅಂದರು. ಹಾಗೇ ಮಾಡಿದೆ, ಸೋರುವುದು ನಿಂತಿತು, ಸುಳ್ಳು ಹೇಳುವುದಿಲ್ಲ. ಒಳಗಿನ ಕೂದಲೆಳೆ ಬಿರುಕುಗಳಲ್ಲಿ ಕಾಫಿ ಇಳಿದು ಕಂದು ಗೆರೆ ಮೂಡಿತು, ಅದೂ ಚೆನ್ನಾಗಿಯೇ ಇತ್ತು. ಜೂನ್ ಮಳೆಯಲ್ಲಿ ಊರಿಗೆ ಬಂದು ವಾಪಸ್ ಹೋಗಿ ಕಪಾಟು ತೆಗೆದರೆ ತಳದಲ್ಲೆಲ್ಲ ಬೂಷ್ಟು, ಮೂಗಿಗೆ ಒಡೆದ ಹಾಲಿನ ವಾಸನೆ. ಸೋಡಾಪುಡಿ ಹಾಕಿ ಕುದಿಸಿದೆ, ಬಿಸಿಲಿಗಿಟ್ಟೆ, ಮತ್ತೆ ಕುದಿಸಿದೆ. ತಣ್ಣಗಿದ್ದಾಗ ವಾಸನೆ ಇಲ್ಲ, ಬಿಸಿ ಹಾಕಿದ ಕೂಡಲೇ ಏಳುತ್ತದೆ. ಈಗ ಅದರಲ್ಲಿ ಪೆನ್ನು ಇಟ್ಟಿದ್ದೇನೆ.

ಹಸಿರು ಚಹಾ ಸಾಕು
ಒದ್ದೆ ಮಗ್ಗನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ ಊರಿಗೆ ಹೋದವರು ಆಮೇಲೆ ಹಗಿಗೆ ಬೈಯಬಾರದು. ಅಲ್ಲಿನ ಮಣ್ಣು ಸಡಿಲ. ಕಲ್ಲಿನಂತೆ ಗಟ್ಟಿಯಾಗುವ ತನಕ ಅದನ್ನು ಸುಡುವುದಿಲ್ಲ, ಬೇಕೆಂದೇ. ಆವಿಗೆ ತಣಿಯುವಾಗ ಮೇಲಿನ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿ ಬಿರಿಯುತ್ತದೆ. ಆ ಬಿರುಕಿನಿಂದ ಚಹಾ ಇಳಿದು ವರ್ಷಗಟ್ಟಲೆ ಬಣ್ಣ ತಿರುಗುತ್ತಾ ಹೋಗುತ್ತದೆ; ಹಗಿ ಏಳು ವೇಷ ಹಾಕುತ್ತದೆ ಅಂತ ಜಪಾನಿನವರೇ ಹೇಳುತ್ತಾರೆ. ಚಹಾ ಬಟ್ಟಲಲ್ಲಿ ಮೊದಲು ರಾಕು, ಎರಡನೆಯದು ಹಗಿ, ಮೂರನೆಯದು ಕರತ್ಸು ಅನ್ನುವ ಲೆಕ್ಕ ಸುಮ್ಮನೆ ಬಂದಿದ್ದಲ್ಲ. ಆಗ ಜಪಾನ್ ಆಳುತ್ತಿದ್ದ ಹಿದೆಯೋಶಿ ಕೊರಿಯಾ ಮೇಲೆ ದಂಡೆತ್ತಿ ಹೋದಾಗ ಹಿಡಿದು ತಂದ ಕುಂಬಾರರು 1604ರ ಹೊತ್ತಿಗೆ ಅಲ್ಲಿ ಶುರು ಮಾಡಿದ ಕೆಲಸ ಇದು, ಚಹಾಕ್ಕಾಗಿಯೇ. ಅದರೊಳಗೆ ಹಾಲು, ಚಿಕೋರಿ, ಸಕ್ಕರೆ ಎಲ್ಲ ಸುರಿದು ವಾಸನೆ ಅಂದರೆ?

ನನ್ನದು ಹೇಳ್ತೀನಿ. ಬಳಸುವ ಮುಂಚೆ ಪ್ರತಿ ಸಲ ಬರೀ ನೀರಲ್ಲಿ ಮುಳುಗಿಸಿ ತೆಗೀತೀನಿ. ಮಣ್ಣು ಮೊದಲು ನೀರು ಕುಡಿದಿದ್ದರೆ ಚಹಾ ಅಷ್ಟು ಬೇಗ ಇಳಿಯೋದಿಲ್ಲ. ಕುಡಿದ ತಕ್ಷಣ ಬಿಸಿನೀರಲ್ಲಿ ತೊಳೆದು, ಸೋಪು ಮುಟ್ಟಿಸದೆ, ರಾತ್ರಿಯಿಡೀ ಮಗ್ಗಲಾಗಿ ಮಲಗಿಸಿಡ್ತೀನಿ, ತಳಕ್ಕೂ ಗಾಳಿ ಆಡಲಿ ಅಂತ. ತಂದಾಗ ಬಿಳಿಚು ಗುಲಾಬಿ, ಈಗ ಹಣ್ಣಾದ ಬಿಕ್ಕೆ ಬಣ್ಣ. ಮನೆಗೆ ಬಂದವರೆಲ್ಲ ಮೊದಲು ಕೈಗೆ ತಗೊಳ್ಳೋದು ಅದನ್ನೇ.

ಕೊಡಗಿನ ಕಾಫಿ
ಬೀಗ ಹಾಕಿ ಅಂತ ನಾನು ಎಲ್ಲಿ ಬರೆದೆ? ಮನೆಯಲ್ಲಿ ಯಜಮಾನರು ಇದ್ದರು. ಮತ್ತೆ ಚಿಕೋರಿ ಹಾಕುವವರು ನಾವಲ್ಲ, ಹೆಸರು ನೋಡಿ ಮಾತಾಡಿ.

ಕುಡ್ಲದ ಅಕ್ಕ, ನಿಶಿಕಸಾಯಿ
ನೀವೆಲ್ಲ ಮಗ್ ಸಾಕುವುದೋ, ಕಾಫಿ ಕುಡಿಯುವುದೋ ಮಾರಾಯ್ರೆ? ನಾನು ಹಸಾಮಿ ಊರಿನದ್ದು ತೆಗೆದುಕೊಂಡೆ, ಒಂದಕ್ಕೆ 1,320. ಮೈಕ್ರೋವೇವಿಗೆ ಹಾಕ್ತೇನೆ, ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕ್ತೇನೆ, ಮಕ್ಕಳು ಎರಡು ಸಲ ಬೀಳಿಸಿದ್ದಾರೆ. ಗಟ್ಟಿ ಪಿಂಗಾಣಿ, ಒಂದು ಹನಿ ಹೀರುವುದಿಲ್ಲ, ನಿನ್ನೆಯ ಕಾಫಿ ವಾಸನೆ ಇವತ್ತು ಇಲ್ಲ. ನೀಲಿ ಗೆರೆ ಕುಂಚದಲ್ಲೇ ಎಳೆದದ್ದು, ಎರಡು ಮಗ್ ಪಕ್ಕ ಇಟ್ಟರೆ ಗೆರೆ ಕೂಡುವುದಿಲ್ಲ, ಅದೇ ನನಗೆ ಇಷ್ಟ. ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಮನೆಯವರು ನನ್ನದು ನೋಡಿಯೇ ತಂದಿದ್ದು.

ಹಸಿರು ಚಹಾ ಸಾಕು
ಹಸಾಮಿಯಲ್ಲಿ ಹೆಚ್ಚಿನದು ಅಚ್ಚಿನಲ್ಲಿ ಎರೆದು ತೆಗೆಯುವ ಮಾಲು. ಅಚ್ಚು ಮಾಡುವವನೊಬ್ಬ, ಮಣ್ಣು ಕಲಸುವವನೊಬ್ಬ, ಸುಡುವವನು ಇನ್ನೊಬ್ಬ. ಸೊಸೆಯವರು ಕೇಳಿದ್ದು ಕೈಯಲ್ಲಿ ಮಾಡಿದ್ದು.

ಕುಡ್ಲದ ಅಕ್ಕ, ನಿಶಿಕಸಾಯಿ
ಅಚ್ಚು ಮಾಡುವವನಿಗೆ ಕೈ ಇಲ್ಲವಾ? 400 ವರ್ಷದಿಂದ ಬಡವರ ಮನೆಗೆ ಬಟ್ಟಲು ಕೊಟ್ಟ ಊರು ಅದು. ಯೊದೊ ನದಿಯಲ್ಲಿ ದೋಣಿಯವರಿಗೆ ಊಟ ಮಾರುತ್ತಿದ್ದವರ ಕೈಯಲ್ಲಿ ಇದ್ದದ್ದು ಹಸಾಮಿ ಬಟ್ಟಲು. ಪಕ್ಕದ ಅರಿತಾದ ಹೆಸರಿನಲ್ಲಿ ಇವರ ಮಾಲು ಎಷ್ಟು ವರ್ಷ ಮಾರಾಟವಾಯಿತು ಗೊತ್ತುಂಟಾ? ಹೆಸರು ಅವರದ್ದು, ಬೆವರು ಇವರದ್ದು. ಈಗ ಸ್ವಂತ ಹೆಸರಿನಲ್ಲಿ ಮಾರಿದರೆ ಅದು ಕೈಕೆಲಸ ಅಲ್ಲ ಅಂತೆ. ನೀವು ರಾತ್ರಿಯಿಡೀ ಮಗ್ಗಿಗೆ ಹಾಸಿಗೆ ಹಾಸಿ ಮಲಗಿಸಿ, ನನಗೆ ಬೆಳಿಗ್ಗೆ ಮೂರು ಟಿಫಿನ್ ಕಟ್ಟುವುದುಂಟು.

ಧಾರವಾಡ ಟು ಟೋಕಿಯೊ
ಇಬ್ರೂ ಸ್ವಲ್ಪ ಸುಮ್ಮನಿರ್ರಿ. ಮಶಿಕೋಕ್ಕ ಹೋಗ್ರಿ ಅಂತೀನಿ ನಾ. ತೊಚಿಗಿ ಜಿಲ್ಲಾ. ಮೇ ಮೊದಲ ವಾರದ ರಜಾದಾಗ ಒಮ್ಮೆ, ನವೆಂಬರ್ ಶುರುವಿಗೆ ಒಮ್ಮೆ ದೊಡ್ಡ ಸಂತಿ ಕೂಡತದ, ಮಾಡಿದವರೇ ತಂಬು ಹಾಕ್ಕೊಂಡು ಮಾರತಾರ. ಅಕಿಹಬಾರದಿಂದ ಕಸಾಮಾ ಮ್ಯಾಲೆ ನೇರ ಬಸ್ ಅದ. ರಾಷ್ಟ್ರೀಯ ಗೌರವ ಪಡೆದ ಕುಂಬಾರ ಹಮಾದಾ ಶೋಜಿ 1924ರಾಗ ಆ ಊರಿಗೆ ಬಂದು ಕೆಲಸ ಹಿಡಿದ ಮ್ಯಾಲೆ ಜಗತ್ತಿಗೆ ಗೊತ್ತಾತು. ಅದಕ್ಕೂ ಮೊದಲು ಅಡಗಿಮನಿ ಗಡಿಗಿ, ನೀರಿನ ಕೊಳಗ ಮಾಡೋ ಊರು. ಅಲ್ಲಿನ ಮಣ್ಣು ಒರಟು, ಹಿಂಗಾಗಿ ಮಗ್ ದಪ್ಪ, ತೂಕ. ನಾನು ತಗೊಂಡದ್ದು ಕಾಕಿ ಅಂತ, ತುಕ್ಕಿನ ಕೆಂಪು ಬಣ್ಣದ್ದು. ಅಂಗಡಿಯಾಗ ನಾಲ್ಕು ಮಗ್ ಇದ್ದವು. ಹಿಡಿಯೊಳಗ ಬೆರಳು ತೂರಿಸಿ, ನೀರು ತುಂಬಿಸಿ ಎತ್ತಿ ನೋಡ್ತೀನಿ ಅಂದೆ. ಆ ಹೆಣ್ಮಗಳು ಬೇಸರ ಮಾಡದ ಬಾಟಲಿ ನೀರು ಕೊಟ್ಲು. ಮೂರು ಬೆರಳು ಸಲೀಸಾಗಿ ಹೋಗಬೇಕು, ನಡುಬೆರಳ ಗೆಣ್ಣು ಮಗ್ಗಿನ ಮೈಗೆ ತಾಕಬಾರದು. ತಾಕಿದ್ರ ಬಿಸಿ ಕಾಫಿ ಇದ್ದಾಗ ಸುಡತದ. ಒಂದೇ ಒಂದು ಪಾಸಾತು.

ಲೆಕ್ಕ ಬರ್ಕೋರಿ. ಮಗ್ 3,850. ಇನ್ನೊಂದು ಊರಿಗೆ, ನಮ್ಮವ್ವಗ, 4,400. ಇಬ್ಬರ ಬಸ್ ಹೋಗಿ ಬರಲಿಕ್ಕೆ 9,000ದ ಹತ್ರ. ಮಧ್ಯಾಹ್ನ ಊಟ 2,600, ಅದರಾಗ ನಾನು ತಿನ್ನೋದು ಬರೇ ಅನ್ನ, ಉಪ್ಪಿನಕಾಯಿ. ಅವ್ವನ ಮಗ್ ಕೊರಿಯರ್‌ಗೆ 4,900 ಯೆನ್, ಮ್ಯಾಲೆ ಧಾರವಾಡದಾಗ ಸುಂಕ ಅಂತ 1,140 ರೂಪಾಯಿ ಕಟ್ಟಿಸಿಕೊಂಡ್ರು. ಡಬ್ಬಿ ತೆಗೆದ್ರ ಹಿಡಿ ಬ್ಯಾರೆ, ಮಗ್ ಬ್ಯಾರೆ! ಕೊರಿಯರ್‌ನವರು ಪ್ಯಾಕ್ ಮಾಡೋವಾಗಿನ ಫೋಟೊ ಕೇಳಿದ್ರು. ಯಾರ್ ತೆಗೀತಾರ್ರಿ ಅದನ್ನ? ಮೇಲ್ ಮ್ಯಾಲೆ ಮೇಲ್ ಹಾಕಿದೆ, ‘ನಿಮ್ಮ ದೂರು ಪರಿಶೀಲನೆಯಲ್ಲಿದೆ’. ಇನ್ನೂ ಪರಿಶೀಲನೆಯಲ್ಲೇ ಅದ. ಅವ್ವ ಹಿಡಿ ಇಲ್ಲದ್ದರಾಗ ಉಪ್ಪು ಹಾಕ್ಕೊಂಡಾಳ.

ಇನ್ನೊಂದು. ತಳದ ಬಳಿಗೆ ಗ್ಲೇಜ್ ಇರೂದಿಲ್ಲ, ಮರಳುಕಾಗದ ಇದ್ದಂಗ ಇರತದ. ನಮ್ಮ ಹೊಸ ಸಾಗವಾನಿ ಟೇಬಲ್ ಮ್ಯಾಲೆ ಅರ್ಧಚಂದ್ರ ಗೀರು ಎದ್ದು, ಪಾಲಿಶ್ ಮಾಡೋನು 2,800 ತಗೊಂಡ. ತಂದ ದಿನಾನೇ ನೀರಾಗ ಅದ್ದಿ 400 ನಂಬರ್ ಕಾಗದ, ಆಮ್ಯಾಲೆ 800ರಿಂದ ತಿಕ್ಕಿಬಿಡ್ರಿ.

ಶಿರಸಿಯಾಂವ, ನಗೋಯಾ
ಹಿಡಿ ಮುರಿದರೆ ಎಸೆಯಬೇಡಿ, ಕಿಂತ್ಸುಗಿ ಮಾಡಿ, ಅಂದರೆ ಒಡೆದದ್ದನ್ನು ಕೂಡಿಸಿ ಆ ಗೆರೆಗೆ ಚಿನ್ನ ಹಚ್ಚುವುದು. ನಾನು ಮಾಡಿದ್ದೇನೆ, ನೋವು ತಿಂದೇ ಮಾಡಿದ್ದೇನೆ. ಯುಟ್ಯೂಬಿನಲ್ಲಿ ಸಂಜೆಯೊಳಗೆ ಮುಗಿಯುತ್ತದೆ. ಅದು ಅಂಟು ಮತ್ತು ಹಿತ್ತಾಳೆ ಪುಡಿ, ಬಾಯಿಗಿಡುವ ಪಾತ್ರೆಗೆ ಬೇಡ. ನಿಜವಾದದ್ದು ಉರುಶಿ ಮರದ ಸೊನೆಯಲ್ಲಿ. ಸೊನೆಗೆ ಹಿಟ್ಟು ಕಲಸಿ ಅಂಟಿಸಬೇಕು, ಸಂದುಗಳಿಗೆ ಸೊನೆ ಮತ್ತು ನುಣುಪು ಮಣ್ಣು, ಆಮೇಲೆ ಕಪ್ಪು, ಕೆಂಪು ಲೇಪ, ಕೊನೆಗೆ ಚಿನ್ನದ ಪುಡಿ. ಬಣ್ಣ ಒಣಗಲು ಒಣ ಹವೆ ಬೇಕಲ್ಲ, ಇದಕ್ಕೆ ತದ್ವಿರುದ್ಧ. ನೂರಕ್ಕೆ 70-80ರ ತೇವ, ಬೆಚ್ಚಗಿನ ಹವೆ ಇದ್ದರೆ ಮಾತ್ರ ಗಟ್ಟಿಯಾಗುವುದು. ರಟ್ಟಿನ ಪೆಟ್ಟಿಗೆಯೊಳಗೆ ಒದ್ದೆ ಬಟ್ಟೆ ಹಾಸಿ ಇಡಬೇಕು. ಒಂದು ಸಣ್ಣ ಚೂರು ಕೂಡಿಸಲು ತಿಂಗಳುಗಳೇ ಹೋದವು.

ಖರ್ಚು: ಕಿಟ್ 7,150. ಚಿನ್ನದ ಪುಡಿ 0.4 ಗ್ರಾಂ, 11,800. ಮಗ್ಗಿನ ಬೆಲೆ 5,500 ಇತ್ತು, ಅದನ್ನು ಹೆಂಡತಿ ಈಗಲೂ ನೆನಪಿಸುತ್ತಾಳೆ. ಮುಲಾಮು, ಮಾತ್ರೆ, ವೈದ್ಯರು ಸೇರಿ 4,300. ಯಾಕೆ ಅಂದರೆ ಕೈಗವಸಿನ ಮೇಲಿನ ಸಂದಿನಲ್ಲಿ ಸೊನೆ ತಾಗಿ ಮೊಣಕೈವರೆಗೆ ಗುಳ್ಳೆ ಎದ್ದವು. ಊರಿನಲ್ಲಿ ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರುಕಾಯಿಯ ಎಣ್ಣೆ ತಾಗಿದವರಿಗೆ ಗೊತ್ತು, ಅದೇ ಉರಿ, ಅದೇ ತುರಿಕೆ. ಉರುಶಿ, ಗೋಡಂಬಿ, ಕರಿಗೇರು, ಮಾವು ಎಲ್ಲ ಒಂದೇ ಕುಟುಂಬದ ಮರಗಳು. ಮಾವಿನ ಸೊನೆಗೆ ಬಾಯಿ ಸುಡುವವರು ಉರುಶಿ ಹತ್ತಿರ ಸುಳಿಯಬೇಡಿ. ಆದರೂ ಹೇಳುತ್ತೇನೆ, ಬಾಯಂಚಿನ ಆ ಚಿನ್ನದ ಗೆರೆಗೆ ತುಟಿ ತಾಗುವಾಗ ಸಿಗುವ ನುಣುಪು ಬೇರೆ ಯಾವ ಮಗ್ಗಿನಲ್ಲೂ ಇಲ್ಲ.

ಧಾರವಾಡ ಟು ಟೋಕಿಯೊ
ಅಂಚಿನ ಚೂರು ಕೂಡಿಸೋದು ಬ್ಯಾರೆ ಸಾಹೇಬ್ರ, ಹಿಡಿ ಕೂಡಿಸೋದು ಬ್ಯಾರೆ. 300 ಎಂಎಲ್ ಕುದಿಯೋ ಕಾಫಿ ಎತ್ತಿದಾಗ ಹಿಡಿ ಕಿತ್ತು ಬಂದ್ರ ನಮ್ಮವ್ವನ ಮಡಿಲಿಗೆ ಬೀಳತದ. ಸಲಹೆ ಕೊಡೋಕ್ಕಿಂತ ಮೊದಲು ಇದನ್ನೂ ಬರೀರಿ.

ಶಿರಸಿಯಾಂವ, ನಗೋಯಾ
ಬಿಸಿ ಕಾಫಿ ಹಾಕಿ ಹಿಡಿಯಲ್ಲೇ ಎತ್ತಿ ಅಂತ ನಾನು ಹೇಳಲಿಲ್ಲ. ಹಿಡಿ ಕೂಡಿಸಿದ ಮಗ್ಗನ್ನು ಎರಡು ಕೈಯಲ್ಲಿ ಮೈ ಹಿಡಿದು ಕುಡಿಯಬೇಕು. ಮೈಕ್ರೋವೇವಿಗೂ ಹಾಕಬಾರದು, ಗೆರೆಯಲ್ಲಿರುವುದು ಲೋಹ.

ಕುಡ್ಲದ ಅಕ್ಕ, ನಿಶಿಕಸಾಯಿ
ಹಿಡಿ ಇದ್ದೂ ಹಿಡಿಯದೆ ಕುಡಿಯಬೇಕು. 18,950 ಯೆನ್ ರಿಪೇರಿ ಮಾಡಿ! ನನಗೆ 14 ಹಸಾಮಿ ಮಗ್ ಬರ್ತದೆ, ಮೇಲೆ ಚಿಲ್ಲರೆ ಉಳೀತದೆ.

ಬಸವನಗುಡಿ ಬಾಲ್ಕನಿ
ಇಷ್ಟೆಲ್ಲ ಯಾಕೆ? ಪಾಂಡಿಚೇರಿಗೆ ಹೋಗಿ. ಗೋಲ್ಡನ್ ಬ್ರಿಡ್ಜ್ ಪಾಟರಿಯನ್ನು 1971ರಲ್ಲಿ ರೇ ಮೀಕರ್ ಜೊತೆ ಕಟ್ಟಿದ ಡೆಬೊರಾ ಸ್ಮಿತ್ ಜಪಾನಿನಲ್ಲಿ ಕೆಲಸ ಕಲಿತು ಬಂದವರು. ಅಲ್ಲಿ ಕಲಿತವರು ಈಗ ಎಲ್ಲೆಲ್ಲೋ ಸ್ವಂತ ಆವಿಗೆ ಹಾಕಿಕೊಂಡಿದ್ದಾರೆ. ಅವರಿಗಿಂತ ಎಷ್ಟೋ ಮುಂಚೆ ದೆಹಲಿಯ ಗುರುಚರಣ್ ಸಿಂಗ್ 1919ರಲ್ಲೇ ಜಪಾನಿಗೆ ಹೋಗಿ ಕಲಿತರು, ಹಮಾದಾ, ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ ಎಲ್ಲ ಅವರಿಗೆ ಪರಿಚಯ. ನನ್ನ ಮಗ್ 950 ರೂಪಾಯಿ, ಚೆನ್ನಾಗಿ ಸುಟ್ಟ ಗಟ್ಟಿ ಮಣ್ಣು, ಬೂದಿ ಗ್ಲೇಜ್, ದಿನಾ ಸ್ಟೀಲ್ ಲೋಟದ ಜೊತೆಗೇ ಸಿಂಕಲ್ಲಿ ಬಿದ್ದಿರುತ್ತೆ.

ಹಸಿರು ಚಹಾ ಸಾಕು
ಅವರು ಯೊಕೊಹಾಮಾದಲ್ಲಿ ಕೂತು ಜಪಾನೀ ಮಗ್ ಕೇಳಿದರೆ ನೀವು ಪಾಂಡಿಚೇರಿ ಬಸ್ ಹತ್ತಿಸ್ತೀರಿ.

ಬಸವನಗುಡಿ ಬಾಲ್ಕನಿ
ಮೈಸೂರಿಗೆ ವಾಪಸ್ ಹೋಗ್ತಾರೆ ಅಂತ ಅವರೇ ಬರೆದಿದ್ದಾರೆ, ಪೂರ್ತಿ ಓದಿ ಸ್ವಾಮಿ. ಇನ್ನು ಜಪಾನೀ ಮಗ್ ಅಂತೀರಲ್ಲ, ಅವರ ಚಹಾ ಬಟ್ಟಲಿಗೆ ಹಿಡಿ ಎಲ್ಲಿತ್ತು? ಆ ಲೀಚ್ ಅವರೇ 1954ರಲ್ಲಿ ಓಂತಾ ಅನ್ನೋ ಕುಂಬಾರರ ಹಳ್ಳಿಯಲ್ಲಿ ಉಳಿದು ಹೂಜಿಗೆ ಹಿಡಿ ಎಳೆಯೋದು ಹೇಗೆ ಅಂತ ತೋರಿಸಿಕೊಟ್ಟರು.

ತಿಗರಿ ಕಲಿಯುತ್ತಿರುವವಳು
ಲೀಚ್ ಹೆಸರು ಬಂತಲ್ಲ, ಸುಮ್ಮನಿರಲಾಗಲಿಲ್ಲ. ಶಿಮಾನೆಯ ಯುಮಾಚಿ ಆವಿಗೆಯವರಿಗೂ ಹಿಡಿ ಕಲಿಸಿದ್ದು ಅವರೇ. ಹಳದಿ ಗ್ಲೇಜಿನ ಆ ಮಗ್ ನನ್ನ ಹತ್ತಿರ ಇದೆ. ಹಿಡಿ ಅಂಟಿಸಿದ್ದು ಅನ್ನಿಸುವುದೇ ಇಲ್ಲ. ಮೇಲೆ ದಪ್ಪ, ಇಳಿಯುತ್ತಾ ತೆಳು, ಕೊನೆಗೆ ಹೆಬ್ಬೆರಳಲ್ಲಿ ಒತ್ತಿ ಬಿಟ್ಟ ಗುಳಿ. ನನ್ನ ಹೆಬ್ಬೆರಳು ಆ ಗುಳಿಗಿಂತ ಚಿಕ್ಕದು. ವಾರಕ್ಕೊಮ್ಮೆ ಕ್ಲಾಸಿಗೆ ಹೋಗ್ತೀನಿ, ಫೀಸು ಬೇರೆ, ಸುಡುವ ಖರ್ಚು ತೂಕದ ಮೇಲೆ ಬೇರೆ. ನಾನು ಮಾಡಿದ ಹಿಡಿಗಳೆಲ್ಲ ಒಣಗುವಾಗಲೇ ಬುಡದಲ್ಲಿ ಸೀಳುತ್ತವೆ. ಅದಾದಮೇಲೆ 4,000 ಯೆನ್ ದುಬಾರಿ ಅಂತ ಯಾರಾದರೂ ಅಂದರೆ ಸಿಟ್ಟು ಬರುತ್ತೆ.

ಯೊಕೊಹಾಮಾ ಸೊಸೆ
ಎಲ್ಲರಿಗೂ ಧನ್ಯವಾದ. ಹಾಲಿನ ಕಾಫಿಗೆ ಹಗಿ ಕಷ್ಟ ಅಂತ ಅರ್ಥವಾಯ್ತು. ಮಶಿಕೋದ್ದು ಸ್ಟೀಲ್ ಜೊತೆ ಸಿಂಕಿಗೆ ಬಿದ್ದರೆ ತಡೆಯುತ್ತಾ, ಅದೊಂದು ಹೇಳಿ.

ಧಾರವಾಡ ಟು ಟೋಕಿಯೊ
ತಡೀತದ್ರಿ, ಮೈಗೆ ಏನೂ ಆಗೂದಿಲ್ಲ, ಅಂಚು ಮಾತ್ರ ಚೂರು ಹಾರತದ. ದುಂಡು ಅಂಚಿಂದು ನೋಡಿ ತಗೋರಿ, ತೆಳು ಅಂಚು ಬ್ಯಾಡ. ಕೊರಿಯರ್ ಬ್ಯಾಡೇ ಬ್ಯಾಡ, ಕೈಚೀಲದಾಗ ಸೀರಿಯೊಳಗ ಸುತ್ತಿ ತರ್ರಿ. ಮತ್ತ ಕಾಫಿ ಹಾಕೋ ಮೊದಲು ಮಗ್ಗಿಗೆ ಬಿಸಿನೀರು ಹಾಕಿ ಚೆಲ್ಲಬೇಕು. ದಪ್ಪ ಮಣ್ಣು ಮೊದಲು ತಾನೇ ಕಾವು ಹೀರತದ, ನಿಮ್ಮ ಕಾಫಿ ಉಗುರುಬೆಚ್ಚಗಾಗಿ ಹೋಗತದ.

ಕೊಡಗಿನ ಕಾಫಿ
300 ಎಂಎಲ್ ಮಗ್‌ನಲ್ಲಿ ಫಿಲ್ಟರ್ ಕಾಫಿ ಕುಡಿಯುವವರನ್ನು ಇಲ್ಲೇ ನೋಡಿದ್ದು. ಡಿಕಾಕ್ಷನ್ ಎಷ್ಟು ಹಾಕ್ತೀರಿ, ನೀರು ಬೆರೆಸ್ತೀರಾ?

ಧಾರವಾಡ ಟು ಟೋಕಿಯೊ
ನಾ ಚಹಾ ಕುಡಿಯೋನು.

ಹಸಿರು ಚಹಾ ಸಾಕು
ಮೇಲೆ ‘ಕುದಿಯೋ ಕಾಫಿ’ ಅಂತ ಬರೆದಿದ್ದೀರಿ.

ಧಾರವಾಡ ಟು ಟೋಕಿಯೊ
ಅದು ಅವ್ವಂದು. ನೀವು ಎಲ್ಲಾರ ಪೋಸ್ಟಿಗೂ ತಪ್ಪು ಹುಡುಕೋಕೇ ಕುಂತೀರೇನು?

ಕುಡ್ಲದ ಅಕ್ಕ, ನಿಶಿಕಸಾಯಿ
ಧಾರವಾಡದವರೇ, ಆ ಕೊರಿಯರ್ ದೂರಿನ ಮೇಲ್ ಯಾವ ವಿಳಾಸಕ್ಕೆ ಹಾಕಿದ್ದು? ನನ್ನದೂ ಒಂದು ಪಾರ್ಸೆಲ್ ಚೆನ್ನೈಯಲ್ಲಿ ಸಿಕ್ಕಿಬಿದ್ದಿದೆ. ಮಗ್ ಅಲ್ಲ, ರೈಸ್ ಕುಕ್ಕರ್.