ಕುಂಚದ ಫಾಂಟ್: ಸವೆತ ಅಕ್ಷರದ ಒಳಗಿರಬೇಕಾ, ಮೇಲಿಂದ ಹಾಕಬೇಕಾ?

ಕುಂಚಪ್ರಿಯ: ಕುಂಚದಲ್ಲಿ ಸರಾಗವಾಗಿ ಬರೆದ ಹಾಗಿರುವ, ಹಳೇ ಪೋಸ್ಟರಿನಂತೆ ಅಲ್ಲಲ್ಲಿ ಮಸಿ ಉದುರಿದ ಕನ್ನಡ ಫಾಂಟ್ ಮಾಡ್ತಿದ್ದೇನೆ. ಟೆಕ್ಸ್ಚರನ್ನು ಗ್ಲಿಫ್ (ಫಾಂಟಿನಲ್ಲಿರುವ ಅಕ್ಷರದ ಆಕಾರ) ಒಳಗೇ ಕೊರೆದರೆ ಬಳಸುವವರು ಟೈಪ್ ಮಾಡಿದರೆ ಸಾಕು. ಏನಂತೀರಿ?

ಮಸಿಗುರುತು: ಕುಂಚದ ಗೀರು, ಸವೆತ ಎರಡನ್ನು ಬೆರೆಸಬೇಡಿ. ಮಸಿ ಖಾಲಿಯಾಗುತ್ತಾ ಬಂದಾಗ ಕುಂಚ ಬಿಡುವ ಗೀರು ಗೆರೆಯ ದಿಕ್ಕಿನಲ್ಲೇ ಓಡುತ್ತದೆ, ಗೆರೆಯ ಕೊನೆಯಲ್ಲಿ ಹೆಚ್ಚುತ್ತದೆ. ಅದು ಕೈಯ ಗುಣ, ಫಾಂಟಿನಲ್ಲೇ ಇರಲಿ. ಸವೆತಕ್ಕೆ ಅಕ್ಷರದ ಗಡಿ ಗೊತ್ತಿಲ್ಲ, ಒಂದರಿಂದ ಪಕ್ಕದ್ದಕ್ಕೆ ಹಾಯ್ದು ಹೋಗುತ್ತದೆ. ಅದನ್ನು ಇಡೀ ಸಾಲಿನ ಮೇಲೆ ಲೇಯರ್ ಮಾಸ್ಕ್ (ಅಲ್ಲಲ್ಲಿ ಮರೆಮಾಡುವ ಪದರ) ಆಗಿ ಹಾಕಿ.

ಒತ್ತಕ್ಷರ: ಗೀರಿನಲ್ಲೂ ಒಂದು ಅಪಾಯ ಇದೆ. ತಲಕಟ್ಟನ್ನು ಕಾಂಪೊನೆಂಟ್ ಮಾಡಿ ತಲಕಟ್ಟಿರುವ ಎಲ್ಲಾ ಅಕ್ಷರಕ್ಕೂ ಅದನ್ನೇ ಕೂರಿಸುತ್ತೇವಲ್ಲ, ಗೀರು ಅದರೊಳಗಿದ್ದರೆ ‘ಸಡಗರ’ ಅಂತ ಬರೆದಾಗ ಒಂದೇ ಗೀರು ನಾಲ್ಕು ಸಲ ಸಾಲಾಗಿ ಕಾಣುತ್ತದೆ. ಕೈಬರಹದ ಭ್ರಮೆ ಅಲ್ಲೇ ಮುಗಿಯಿತು. ಕನಿಷ್ಠ ಮೂರು ತಲಕಟ್ಟು ಬೇರೆ ಬೇರೆ ಬರೆಯಿರಿ. ಕೊಂಬು, ದೀರ್ಘ ಬಂದು ತಾಗುವ ಜಾಗ ಮಾತ್ರ ಗಟ್ಟಿಯಾಗಿರಲಿ. ಅಲ್ಲಿ ಗೀರು ಇಟ್ಟರೆ ಅವು ಮೇಲೆ ಬಿದ್ದು ಅರ್ಧ ಮುಚ್ಚಿಹೋಗಿ ಕಲೆಯಂತೆ ಕಾಣುತ್ತದೆ.

ಕುಂಚಪ್ರಿಯ: ಮೂರು ಸೆಟ್ ಮಾಡಿ, ಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್‌ನಿಂದ ಒಂದಾದ ಮೇಲೊಂದು ಬರುವ ಹಾಗೆ ಮಾಡಿದರೆ?

ಒತ್ತಕ್ಷರ: ಮಾಡಬಹುದು. ಮೊದಲ ಸೆಟ್ಟಿನ ನಂತರ ಬಂದದ್ದಕ್ಕೆ ಎರಡನೆಯದು, ಎರಡನೆಯದರ ನಂತರ ಮೂರನೆಯದು, ಆಮೇಲೆ ತಾನಾಗಿ ಮೊದಲಿಗೆ ಮರಳುತ್ತದೆ. ಆದರೆ ನಡುವೆ ಒತ್ತು ಬಂದರೆ ಸರಣಿ ಕಡಿಯುತ್ತದೆ. ಒತ್ತುಗಳನ್ನು ಮಾರ್ಕ್ (ಅಕ್ಷರಕ್ಕೆ ಅಂಟುವ ಚಿಹ್ನೆ) ವರ್ಗಕ್ಕೆ ಸೇರಿಸಿ, ಅವನ್ನು ದಾಟಿ ನೋಡುವಂತೆ ರೂಪ ಬದಲಿಸುವ ನಿಯಮಕ್ಕೆ, ಅಂದರೆ ಲುಕಪ್‌ಗೆ ಇಗ್ನೋರ್‌ಮಾರ್ಕ್ಸ್ ಕೊಡಿ. ಗುಣಿತಾಕ್ಷರಗಳಿಗೂ ಮೂರು ರೂಪ ಬೇಕು, ಕೆಲಸ ಮೂರು ಪಟ್ಟು. ಮತ್ತೆ ವರ್ಡ್‌ನಲ್ಲಿ ಈ ಸೌಲಭ್ಯ ಬಳಸುವವರೇ ಆನ್ ಮಾಡಬೇಕು.

ಅಚ್ಚುಮನೆ: ಮುದ್ರಣದ ಲೆಕ್ಕ ಯಾರೂ ಹೇಳಲಿಲ್ಲ. ಫಾಂಟಿನ ಅಳತೆಯ ಚೌಕಟ್ಟಾದ 1000 ಯೂನಿಟ್‌ನ ಎಮ್‌ನಲ್ಲಿ 12 ಯೂನಿಟ್ ಅಗಲದ ಗೀರು 72 ಪಾಯಿಂಟ್‌ನಲ್ಲಿ ಸುಮಾರು 0.3 ಮಿಮೀ, 24 ಪಾಯಿಂಟ್‌ನಲ್ಲಿ 0.1 ಮಿಮೀ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಅಷ್ಟು ಸಣ್ಣ ಸಂದಿಗೆ ಇಂಕ್ ಹರಿದು ಮುಚ್ಚಿಬಿಡುತ್ತದೆ, ಉಳಿಯುವುದು ಬರೀ ಕೊಳೆ. ವಿನೈಲ್ ಕಟರ್‌ನಲ್ಲಂತೂ ಒಂದೊಂದು ಚುಕ್ಕೆಯೂ ಒಂದು ಕಟ್. ಸಣ್ಣ ಚೂರುಗಳು ಬ್ಲೇಡಿಗೆ ಸಿಕ್ಕಿ ಎದ್ದುಬರುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡುವಾಗ (ಚಿತ್ರವನ್ನು ಗೆರೆಗಳಾಗಿ ಬದಲಿಸುವಾಗ) ಸಣ್ಣ ಚುಕ್ಕೆಗಳನ್ನು ಬಿಟ್ಟುಬಿಡುವ ಸ್ಪೆಕಲ್ಸ್ ಮಿತಿ ಏರಿಸಿ. ಕಡಿಮೆ ಗೀರು, ಆದರೆ ಅಗಲವಾದ ಗೀರು ಇರಲಿ.

ಕುಂಚಪ್ರಿಯ: ಒಪ್ಪಿದೆ. ಆದರೂ ಮೊಬೈಲಿನಲ್ಲಿ ಪೋಸ್ಟರ್ ಮಾಡುವವರಿಗೆ ಎಷ್ಟೋ ಆಪ್‌ಗಳಲ್ಲಿ ಮಾಸ್ಕ್ ಸಿಗಲ್ಲ. ಅವರನ್ನು ಬಿಡೋಕಾಗಲ್ಲ.

ಮಸಿಗುರುತು: ಹಾಗಾದರೆ ಎರಡು ಫೈಲ್ ಕೊಡಿ: ಗೀರು ಮಾತ್ರ ಇರುವುದು ಒಂದು, ಸವೆದದ್ದು ಇನ್ನೊಂದು. ಎರಡರಲ್ಲೂ ಅಡ್ವಾನ್ಸ್ ವಿಡ್ತ್ (ಅಕ್ಷರ ಸಾಲಿನಲ್ಲಿ ಹಿಡಿಯುವ ಅಗಲ), ಕರ್ನಿಂಗ್ (ಜೋಡಿ ಅಕ್ಷರಗಳ ನಡುವಿನ ಅಂತರದ ಹೊಂದಾಣಿಕೆ) ಒಂದೇ ಇರಲಿ. ಇಲ್ಲದಿದ್ದರೆ ಫಾಂಟ್ ಬದಲಿಸಿದ ಕೂಡಲೇ ಸಾಲು ಒಡೆಯುವ ಜಾಗವೇ ಬದಲಾಗುತ್ತದೆ. ಸವೆದದ್ದನ್ನು 48 ಪಾಯಿಂಟ್‌ಗಿಂತ ಚಿಕ್ಕದಾಗಿ ಬಳಸಬೇಡಿ ಅಂತ ಜೊತೆಯ ಟಿಪ್ಪಣಿಯಲ್ಲೇ ಬರೆದುಬಿಡಿ.