ಬ್ಯಾಟರಿಗೂ ಚಳಿಯಾಗುತ್ತದೆಯೇ, ರಾಯರೇ?

"ಮಿನಿಯಾಪೊಲಿಸ್‌ನ ಜನವರಿಯಲ್ಲಿ ಕೈಗವಸು ಹಾಕದೆ ಮನುಷ್ಯನೇ ಹೊಸ್ತಿಲು ದಾಟುವುದಿಲ್ಲ, ಹಾಗಿರುವಾಗ ಬಾಯಿಲ್ಲದ ಬ್ಯಾಟರಿ ಮುಷ್ಕರ ಹೂಡಿದರೆ ಅದರದೇನು ತಪ್ಪು?" ಎಂದು ಗುಂಡಣ್ಣ ಕೇಳಿದೊಡನೆ ಶ್ರೀಪತಿರಾಯರು ಕಾಫಿ ಲೋಟವನ್ನು ಟಣ್ಣೆಂದು ಕೆಳಗಿಟ್ಟರು.

ರಾಯರ ಸಂಕಟ ಸಣ್ಣದಲ್ಲ. ನಿವೃತ್ತರಾದ ಮೇಲೆ ಕೊಂಡ, ವಾಹನದ ಹಿಂದೆ ಎಳೆದೊಯ್ಯುವ ಗಾಲಿಮನೆಯಾದ ಆರ್‌ವಿ ಟ್ರೈಲರ್‌ನಲ್ಲಿದ್ದ ಸೀಸದ ಬ್ಯಾಟರಿಗಳನ್ನು ಕಿತ್ತು, ತೂಕದಲ್ಲಿ ಅದರ ಅರ್ಧದಷ್ಟೂ ಇಲ್ಲದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳನ್ನು ಹಾಕಿಸಿದ್ದರು. ಈಗ ಆಕಾಶ ನಿಚ್ಚಳವಾಗಿ, ಚಾವಣಿಯ ಸೋಲಾರ್ ಫಲಕದ ಮೇಲಿನ ಹಿಮವನ್ನು ಅವರೇ ಏಣಿ ಹತ್ತಿ ಗುಡಿಸಿ ಬಂದರೂ, ಮೊಬೈಲಿನ ಆ್ಯಪ್ ಮಾತ್ರ ಚಾರ್ಜಿಂಗ್ ನಿಲ್ಲಿಸಲಾಗಿದೆ ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು.

"ದೀಪ ಉರಿಯುತ್ತಿದೆ, ಪಂಪು ಓಡುತ್ತಿದೆ, ಚಾರ್ಜ್ ಮಾತ್ರ ಆಗುತ್ತಿಲ್ಲ! ಕೊಡಲು ಸಿದ್ಧ, ತೆಗೆದುಕೊಳ್ಳಲು ಒಲ್ಲೆ ಎನ್ನುವ ಇಂಥ ಅಳಿಯನನ್ನು ನಾನು ಪ್ರಪಂಚದಲ್ಲೇ ಕಂಡಿಲ್ಲ" ಎಂದರು ರಾಯರು.

"ಅದು ಮೊಂಡುತನವಲ್ಲ, ಅಂಕಲ್, ಜಾಣತನ" ಎಂದಳು ಬ್ಯಾಟರಿಗಳ ನಡುವೆಯೇ ಉದ್ಯೋಗ ಮಾಡುವ ಸುಮಾ. "ಇಂಥ ಬಹುತೇಕ ಬ್ಯಾಟರಿಗಳು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ವಿದ್ಯುತ್ ಕೊಡುತ್ತವೆ, ಚಾರ್ಜ್ ಆಗಲು ಮಾತ್ರ ಸೊನ್ನೆಗಿಂತ ಮೇಲಿರಬೇಕು. ಚಳಿಯಲ್ಲಿ ಒತ್ತಾಯದಿಂದ ವಿದ್ಯುತ್ ತುಂಬಿದರೆ ಲಿಥಿಯಂ ಅಯಾನುಗಳು ಗ್ರಾಫೈಟ್‌ನ ಪದರಗಳೊಳಗೆ ನುಸುಳಲಾಗದೆ, ಮೇಲ್ಮೈಯಲ್ಲೇ ಲೋಹವಾಗಿ ಲೇಪಗೊಳ್ಳುತ್ತವೆ. ಹಾಗೆ ಕಳೆದುಹೋದ ಸಾಮರ್ಥ್ಯದ ಬಹುಪಾಲು ಮತ್ತೆ ಬಾರದು. ಆ ಲೋಹ ಸೂಜಿಯಂತೆ ಬೆಳೆದು ನಡುವಿನ ಪೊರೆಯನ್ನು ಚುಚ್ಚಿದರಂತೂ ಒಳಗೇ ಶಾರ್ಟ್ ಆಗಬಹುದು. ಇದನ್ನು ತಡೆಯಲೆಂದೇ ಬ್ಯಾಟರಿಯನ್ನು ಕಾಯುವ ಒಳಗಿನ ಎಲೆಕ್ಟ್ರಾನಿಕ್ ಕಾವಲುಗಾರ ಬಿಎಂಎಸ್ ಬಾಗಿಲು ಮುಚ್ಚಿದೆ."

"ಆದರೆ ನಿನ್ನೆ ಮಧ್ಯಾಹ್ನ ಹೊರಗೆ 3 ಡಿಗ್ರಿ ಇತ್ತಲ್ಲ?"

"ಅದು ಗಾಳಿಯ ಲೆಕ್ಕ. ರಾತ್ರಿಯೆಲ್ಲ ಕೊರೆದುಹೋದ ಹನ್ನೆರಡು ಕಿಲೋ ಗಟ್ಟಿ ಒಂದೆರಡು ತಾಸಿನಲ್ಲಿ ಬೆಚ್ಚಗಾಗುವುದಿಲ್ಲ. ಬಿಎಂಎಸ್ ನೋಡುವುದು ಒಳಗಿನ ಸೆಲ್‌ಗಳ ಉಷ್ಣಾಂಶವನ್ನು. ಅಗ್ಗದ ಕೆಲವು ಬ್ಯಾಟರಿಗಳಲ್ಲಿ ಈ ಕಾವಲೇ ಇರುವುದಿಲ್ಲ. ಅವು ಬಿಸಿಲು ಬಿದ್ದೊಡನೆ ಸಂತೋಷದಿಂದ ಚಾರ್ಜ್ ಆಗುತ್ತ ಆತ್ಮಹತ್ಯೆ ಮಾಡಿಕೊಳ್ಳುತ್ತವೆ."

ಗುಂಡಣ್ಣನ ಪರಿಹಾರ ಎಂದಿನಂತೆ ಸರಳವಾಗಿತ್ತು. "ಈ ಊರಿನ ಸಹವಾಸವೇ ಬೇಡ. ಚಳಿಗಾಲದಲ್ಲಿ ಉತ್ತರದವರೆಲ್ಲ ಆರ್‌ವಿ ಹತ್ತಿ ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿಗೆ ಹೋಗಿ ಬೀಡುಬಿಡುವಂತೆ ನೀವೂ ಹೋಗಿ, ಅಲ್ಲೇ ಇದ್ದುಬಿಡಿ."

"ಜನವರಿಗೆ ಸರಿ, ಜುಲೈಗೆ?" ಎಂದು ಸುಮಾ ನಕ್ಕಳು. "2023ರಲ್ಲಿ ಅದೇ ಅರಿಜೋನಾದ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ಬಿಸಿಲಿಗೆ ನಿಂತ ಮುಚ್ಚಿದ ಡಬ್ಬಿಯೊಳಗೆ ಅದಕ್ಕಿಂತ ಹೆಚ್ಚು. ಚಳಿಯಾದರೋ ಎದುರು ನಿಂತು ಜಗಳವಾಡುತ್ತದೆ, ಆ್ಯಪ್‌ನಲ್ಲಿ ಕೆಂಪಕ್ಷರವನ್ನಾದರೂ ತೋರಿಸುತ್ತದೆ. ಸೆಕೆ ಹಾಗಲ್ಲ, 60 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಬಿಎಂಎಸ್ ಕೂಡ ಬಹುಮಟ್ಟಿಗೆ ಸುಮ್ಮನಿರುತ್ತದೆ, ಅಷ್ಟರಲ್ಲಿ ಒಳಗಿನ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಆಯುಸ್ಸು ಸದ್ದಿಲ್ಲದೆ ಕರಗುತ್ತಿರುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ನಿಲ್ಲಿಸಿ ಹೋಗುವುದಂತೂ ಎಲ್ಲಕ್ಕಿಂತ ಕೆಟ್ಟದ್ದು; ಬಳಸದ ತಿಂಗಳುಗಳಲ್ಲಿ ಅರ್ಧ ಚಾರ್ಜ್ ಉಳಿಸಿ, ತಂತಿ ಕಳಚಿಡಬೇಕು."

ಪೂರ್ತಿ ತುಂಬಿಸಿಡುವುದೇ ಯೋಗ್ಯವೆಂದು ಸೀಸದ ಬ್ಯಾಟರಿಯಿಂದ ಜೀವನವಿಡೀ ಕಲಿತಿದ್ದ ರಾಯರಿಗೆ ಇದು ಧರ್ಮಲೋಪದಂತೆ ಕೇಳಿಸಿರಬೇಕು. "ಬಿಸಿಯಾಗುವ ಹಾಸು ಇರುವ ಬ್ಯಾಟರಿ ಕೊಳ್ಳಲೇ?" ಎಂದು ಮೆಲ್ಲಗೆ ಕೇಳಿದರು.

"ಕೊಳ್ಳಬಹುದು. ಚಾರ್ಜರ್‌ನ ವಿದ್ಯುತ್ ಮೊದಲು ಹಾಸನ್ನು ಕಾಯಿಸಿ, ಸೆಲ್‌ಗಳು ಬೆಚ್ಚಗಾದ ಮೇಲೆ ಅವುಗಳೊಳಗೆ ಹರಿಯುತ್ತದೆ. ಅದಕ್ಕೂ ಮೊದಲು, ಟ್ರೈಲರ್‌ನ ಮೂತಿಯ ಮೇಲಿನ ಡಬ್ಬಿಯಿಂದ ಬ್ಯಾಟರಿಗಳನ್ನು ಒಳಗೆ ತನ್ನಿ. ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತಿದ್ದುದರಿಂದ ಹೊರಗಿತ್ತು. ಇವುಗಳಿಗೆ ಆ ರೋಗವಿಲ್ಲ. ಹಾಸಿಗೆಯ ಕೆಳಗೆ ಗಟ್ಟಿಯಾಗಿ ಬಿಗಿದರೆ, ನಿಮಗಾಗಿ ಉರಿಯುವ ಹೀಟರ್‌ನಲ್ಲೇ ಅವೂ ಬೆಚ್ಚಗಿರುತ್ತವೆ."

ಅಷ್ಟರವರೆಗೆ ಸುಮ್ಮನೆ ಕೋಡುಬಳೆ ಮುರಿಯುತ್ತಿದ್ದ ವಿಮಲಮ್ಮನವರು ತಲೆಯೆತ್ತಿದರು. "ಹಾಸಿಗೆಯ ಕೆಳಗೆ ನನ್ನ ಉಪ್ಪಿನಕಾಯಿ ಜಾಡಿಗಳೂ ಸೋನಾ ಮಸೂರಿ ಮೂಟೆಯೂ ಇವೆ."

"ಉಪ್ಪು, ಎಣ್ಣೆ ಇರುವ ಪದಾರ್ಥ ಚಳಿಗೆ ಅಷ್ಟು ಸುಲಭವಾಗಿ ಕೆಡುವುದಿಲ್ಲ ಕಣೇ. ಜಾಡಿಗಳನ್ನು ಹೊರಗಿನ ಡಬ್ಬಿಗೆ ಸಾಗಿಸೋಣ" ಎಂದು ರಾಯರು ಹುರುಪಿನಿಂದ ಎದ್ದರು.

"ಧಾರಾಳವಾಗಿ ಸಾಗಿಸಿ. ಅವುಗಳನ್ನು ಕಾಯಲು ಯಾರಾದರೂ ಬೇಕಲ್ಲ, ನಿಮ್ಮ ಹಾಸಿಗೆಯನ್ನೂ ಅಲ್ಲಿಗೇ ಹೊತ್ತುಕೊಂಡು ಹೋಗಿ" ಎಂದರು ವಿಮಲಮ್ಮ.